ಅಮ್ಮನ ಆಪರೇಷನ್ ಮುಂದಕ್ಕೆ ಹಾಕಿ ಡಾಕ್ಟರು ಕಾನ್ಫರೆನ್ಸಿಗೆ ಹೋಗುವುದು ಸರಿಯಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಅಮ್ಮನಿಗೆ 58 ವರ್ಷ. ಸ್ತನದಲ್ಲಿ ಎರಡು ಸೆಂಟಿಮೀಟರಿನ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಈಗ ಸರ್ಜನ್ ನಾಲ್ಕು ದಿನದ ಕಾನ್ಫರೆನ್ಸಿಗೆ ಹೋಗುತ್ತಿದ್ದಾರಂತೆ, ಆಪರೇಷನ್ ಒಂಬತ್ತು ದಿನ ಮುಂದಕ್ಕೆ ಹೋಗಿದೆ. ನನ್ನ ತಮ್ಮನಿಗೆ ತುಂಬಾ ಸಿಟ್ಟು ಬಂದಿದೆ. "ಪೇಷೆಂಟ್ ಇಲ್ಲಿ ನರಳುತ್ತಿರುವಾಗ ಡಾಕ್ಟರ್ ಟೂರ್ ಹೋಗ್ತಾರಾ? ಎಲ್ಲ ಇಂಟರ್ನೆಟ್‌ನಲ್ಲೇ ಸಿಗುವ ಕಾಲದಲ್ಲಿ ಈ ಕಾನ್ಫರೆನ್ಸ್ ಯಾಕೆ?" ಅಂತ ಕೇಳುತ್ತಾನೆ. ಬೇರೆ ಸರ್ಜನ್ ಹತ್ತಿರ ಹೋಗಬೇಕಾ? ಈ ಕಾನ್ಫರೆನ್ಸ್‌ಗಳಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಕಾನ್ಫರೆನ್ಸಿನ ಮಾತು ಆಮೇಲೆ.

ಎರಡು ಸೆಂಟಿಮೀಟರಿನ ಸ್ತನದ ಗಡ್ಡೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೈಗೆ ಸಿಗುವಷ್ಟು ಬೆಳೆಯಲು ಅದಕ್ಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿದಿರುತ್ತವೆ. ಒಂಬತ್ತು ದಿನದಲ್ಲಿ ಅಮ್ಮನ ಕಾಯಿಲೆಯ ಸ್ವರೂಪ ಬದಲಾಗುವ ಸಂಭವ ತೀರಾ ಕಡಿಮೆ. ಹಾಗಂತ ಎಷ್ಟು ತಡವಾದರೂ ಪರವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಏಳು ಬಗೆಯ ಕ್ಯಾನ್ಸರ್‌ಗಳನ್ನು ಅದರಲ್ಲಿ ನೋಡಿದ್ದರು. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು ಕಂಡಿತು. ನೂರರಲ್ಲಿ ಆರು ಜನ ಹೆಚ್ಚಾಗಿ ಸಾಯುತ್ತಾರೆ ಎಂದು ಇದರ ಅರ್ಥವಲ್ಲ. ಮೊದಲೇ ಇರುವ ಅಪಾಯಕ್ಕೆ ಅಷ್ಟು ಪಾಲು ಸೇರುತ್ತದೆ, ಅಷ್ಟೇ. ಆದರೂ ಅದು ಸಣ್ಣ ವಿಷಯವಲ್ಲ. ಅದಕ್ಕೇ ಒಂಬತ್ತು ದಿನ ಒಪ್ಪಬಹುದು, ಅದು ಒಂದು ತಿಂಗಳಾಗಲು ಬಿಡಬಾರದು.

ಈಗಲೇ ಎರಡು ವಿಷಯ ಕೇಳಿಕೊಳ್ಳಿ. ಹೊಸ ದಿನಾಂಕ ಗಟ್ಟಿಯಾಗಿದೆಯಾ, ಥಿಯೇಟರ್ ಬುಕ್ ಆಗಿದೆಯಾ? ಸರ್ಜನ್ ಇಲ್ಲದ ದಿನಗಳಲ್ಲಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಈ ಎರಡಕ್ಕೂ ನೇರ ಉತ್ತರ ಸಿಕ್ಕರೆ ಸರ್ಜನ್ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಹೊಸ ಕಡೆ ಹೋದರೆ ಬಯಾಪ್ಸಿಯ ಸ್ಲೈಡುಗಳನ್ನು ಮತ್ತೆ ನೋಡಬೇಕು, ಸ್ಕ್ಯಾನ್ ಮತ್ತೆ ಓದಬೇಕು, ಹೊಸ ಸರದಿಯಲ್ಲಿ ನಿಲ್ಲಬೇಕು. ಅದಕ್ಕೇ ಒಂಬತ್ತು ದಿನಕ್ಕಿಂತ ಜಾಸ್ತಿ ಹಿಡಿಯಬಹುದು.

ಎಲ್ಲರಿಗೂ ಇದೇ ಮಾತು ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಕರುಳು ಕಟ್ಟಿಕೊಂಡಿದ್ದರೆ, ರಕ್ತ ಹೋಗುತ್ತಿದ್ದರೆ, ಉಸಿರಾಟಕ್ಕೆ ಅಡ್ಡಿಯಾಗುತ್ತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ಅಂಥ ಪೇಷೆಂಟನ್ನು ಸಹೋದ್ಯೋಗಿಗೆ ಒಪ್ಪಿಸಿಯೇ ಸರ್ಜನ್ ಹೊರಡಬೇಕು. ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಇಟ್ಟುಕೊಂಡಿದ್ದರೆ ಅಲ್ಲೂ ಒಂದು ಗಡುವು ಇರುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಕೊನೆಯ ಕೀಮೋ ಆದ ಮೇಲೆ ಸುಮಾರು ಎಂಟು ವಾರದ ಒಳಗೆ ಆಪರೇಷನ್ ಆಗಬೇಕು ಎಂದು ನೋಡಿಕೊಳ್ಳುತ್ತೇವೆ. ನಿಮ್ಮ ಅಮ್ಮನಿಗೆ ಇದ್ಯಾವುದೂ ಇಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ.

ಇನ್ನು ನಿಮ್ಮ ತಮ್ಮನ ಪ್ರಶ್ನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾನು ಇಷ್ಟು ವರ್ಷ ಈ ಕೆಲಸ ಮಾಡಿದವನಾಗಿ ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಎಲ್ಲೂ ಹೋಗದ ಸರ್ಜನ್ ಬಗ್ಗೆ ನನಗೆ ಹೆಚ್ಚು ಭಯ.

ಯಾಕೆ ಅಂತ ಹೇಳುತ್ತೇನೆ. ಆಪರೇಷನ್ ಒಂಟಿ ಕೆಲಸ. ಥಿಯೇಟರಿನಲ್ಲಿ ಆರೇಳು ಜನ ಇರುತ್ತಾರೆ, ನಿಜ. ಆದರೆ ಎಲ್ಲಿ ಕೊಯ್ಯಬೇಕು, ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಒಬ್ಬರೇ. ಸೀನಿಯರ್ ಸರ್ಜನ್‌ಗೆ "ಸಾರ್, ಇದನ್ನು ಯಾಕೆ ಹೀಗೆ ಮಾಡ್ತಿದ್ದೀರಿ?" ಎಂದು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಕೈ ಕಲಿತದ್ದನ್ನೇ ಮಾಡುತ್ತಾ ಹೋಗುತ್ತದೆ. ಹತ್ತು ವರ್ಷ ಮಾಡಿದ ತಪ್ಪು ಕೂಡ ಅನುಭವದ ಹಾಗೆಯೇ ಕಾಣುತ್ತದೆ. ಕ್ಯಾನ್ಸರ್‌ನಲ್ಲಿ ಇನ್ನೊಂದು ಕಷ್ಟ ಇದೆ. ನಮ್ಮ ತಪ್ಪು ನಮಗೆ ಬೇಗ ಕಾಣಿಸುವುದಿಲ್ಲ. ಹೊಲಿಗೆ ಬಿಚ್ಚಿಕೊಂಡರೆ ವಾರದಲ್ಲಿ ಗೊತ್ತಾಗುತ್ತದೆ. ಕ್ಯಾನ್ಸರ್ ಮತ್ತೆ ಬರುವುದು ಎರಡು, ಮೂರು, ಐದು ವರ್ಷದ ಮೇಲೆ. ಆಗ ಆ ಪೇಷೆಂಟ್ ಬೇರೆ ಆಸ್ಪತ್ರೆಗೆ ಹೋಗಿರಬಹುದು. ಮತ್ತೆ ಬಂದದ್ದು ಕಾಯಿಲೆಯ ಗುಣದಿಂದಲೋ ನನ್ನ ಕೈಯಿಂದಲೋ ಎಂದು ಒಬ್ಬನೇ ಕೂತು ಯೋಚಿಸಿದರೆ ತಿಳಿಯುವುದಿಲ್ಲ. ಸಾವಿರಾರು ಪೇಷೆಂಟ್‌ಗಳ ಲೆಕ್ಕ ಒಂದು ಕಡೆ ಸೇರಬೇಕು. ಅದನ್ನು ಎದುರಾಳಿಗಳೂ ಕೂತು ಪ್ರಶ್ನಿಸಬೇಕು. ಅದಕ್ಕಾಗಿ ಇರುವ ಜಾಗವೇ ಕಾನ್ಫರೆನ್ಸ್.

ನಿಮ್ಮ ಅಮ್ಮನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಆಪರೇಷನ್ ರೂಢಿಗೆ ತಂದರು. ಸುಮಾರು ಎಪ್ಪತ್ತು ವರ್ಷ ಅದೇ ನಡೆಯಿತು. ಹೆಂಗಸರ ಎದೆ ಗುಳಿಬಿದ್ದು ಹೋಗುತ್ತಿತ್ತು, ತೋಳು ಮೇಲೆ ಎತ್ತಲು ಆಗುತ್ತಿರಲಿಲ್ಲ. ಇಷ್ಟೆಲ್ಲ ತೆಗೆಯಬೇಕಾ ಎಂದು ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಉಂಬೆರ್ತೊ ವೆರೊನೇಸಿ ಕೇಳಿದರು. 1970ರ ದಶಕದಲ್ಲಿ ಇಬ್ಬರೂ ಅಧ್ಯಯನ ಶುರು ಮಾಡಿದರು. ಸರ್ಜನ್‌ಗಳಿಂದ ಫಿಶರ್ ಅವರಿಗೆ ಸಿಕ್ಕಿದ್ದು ಕಟುವಾದ ವಿರೋಧ. ಆದರೂ ಅವರು ಅಂಕಿಅಂಶ ಹಿಡಿದು ಮತ್ತೆ ಮತ್ತೆ ಅದೇ ಜನರ ಮುಂದೆ ನಿಂತರು. ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಪ್ರಮಾಣ ಅಷ್ಟೇ ಇರುತ್ತದೆ ಎಂದು ಇಬ್ಬರ ಅಧ್ಯಯನಗಳೂ ತೋರಿಸಿದವು. 2002ರಲ್ಲಿ ಬಂದ ಇಪ್ಪತ್ತು ವರ್ಷದ ಫಲಿತಾಂಶವೂ ಅದನ್ನೇ ಹೇಳಿತು. ನಿಮ್ಮ ಅಮ್ಮನಿಗೆ ಸ್ತನ ಉಳಿಸುವ ಆಪರೇಷನ್ ಆಗುವುದಿದ್ದರೆ ಅದರ ಹಿಂದೆ ಆ ಜಗಳಗಳಿವೆ.

ಕಂಕುಳಿನ ವಿಷಯ ನನ್ನ ಸ್ವಂತ ಅನುಭವ. ಕಂಕುಳಿನ ಮೊದಲ ಗ್ರಂಥಿಯಲ್ಲಿ ಸ್ವಲ್ಪ ಕ್ಯಾನ್ಸರ್ ಕಂಡರೂ ಸಾಕು, ಅಲ್ಲಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕು ಎಂದೇ ನಮಗೆ ಕಲಿಸಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಹೊಲಿಗೆ ಕೆಲಸ ಮಾಡಿ ಮನೆ ನಡೆಸುತ್ತಿದ್ದ ಒಬ್ಬ ಹೆಂಗಸಿಗೆ ನಾನು ಆ ಆಪರೇಷನ್ ಮಾಡಿದೆ. ಆ ಕಾಲದ ನಿಯಮದ ಪ್ರಕಾರ ಅದು ಸರಿಯೇ. ಕ್ಯಾನ್ಸರ್ ಮತ್ತೆ ಬರಲಿಲ್ಲ. ಆದರೆ ಎಂಟು ತಿಂಗಳಿಗೆ ಅವರ ಬಲತೋಳು ಊದಿಕೊಂಡಿತು. ಪ್ರತಿ ಸಲ ಬಂದಾಗಲೂ ಬಟ್ಟೆ ಸುತ್ತಿದ ಆ ತೋಳನ್ನು ಮೇಜಿನ ಮೇಲೆ ಇಟ್ಟು ಕೂರುತ್ತಿದ್ದರು. ಬೈಯಲಿಲ್ಲ. "ಕತ್ತರಿ ಹಿಡಿಯೋಕೆ ಆಗಲ್ಲ ಡಾಕ್ಟ್ರೇ" ಎಂದಷ್ಟೇ ಹೇಳುತ್ತಿದ್ದರು. ಗ್ರಂಥಿಗಳನ್ನೆಲ್ಲ ತೆಗೆದರೆ ಸುಮಾರು ಐವರಲ್ಲಿ ಒಬ್ಬರಿಗೆ ಹೀಗೆ ತೋಳು ಊದುತ್ತದೆ. ಸೆಂಟಿನೆಲ್ ಎನ್ನುವ ಮೊದಲ ಒಂದೆರಡು ಗ್ರಂಥಿಯನ್ನಷ್ಟೇ ತೆಗೆದರೆ ಇಪ್ಪತ್ತರಲ್ಲಿ ಒಬ್ಬರಿಗೆ.

2010ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವಾದ ಆಸ್ಕೋ ವಾರ್ಷಿಕ ಸಭೆಯಲ್ಲಿ ಒಂದು ಅಧ್ಯಯನದ ಫಲಿತಾಂಶ ಓದಿದರು. ಅದರ ಹೆಸರು ಝಡ್ 11. ಗಡ್ಡೆ ಚಿಕ್ಕದಿದ್ದು, ಒಂದೆರಡು ಸೆಂಟಿನೆಲ್ ಗ್ರಂಥಿಯಲ್ಲಿ ಮಾತ್ರ ಕ್ಯಾನ್ಸರ್ ಇದ್ದ 891 ಹೆಂಗಸರು ಅದರಲ್ಲಿದ್ದರು. ಎಲ್ಲರಿಗೂ ಸ್ತನ ಉಳಿಸುವ ಆಪರೇಷನ್, ಆಮೇಲೆ ರೇಡಿಯೇಷನ್. ಅರ್ಧದಷ್ಟು ಜನಕ್ಕೆ ಉಳಿದ ಗ್ರಂಥಿಗಳನ್ನೂ ತೆಗೆದರು, ಇನ್ನರ್ಧಕ್ಕೆ ಬಿಟ್ಟರು. ಐದು ವರ್ಷದ ಮೇಲೆ ನೋಡಿದರೆ, ಎಲ್ಲ ತೆಗೆಸಿಕೊಂಡವರಲ್ಲಿ ಶೇ 91.8, ಬಿಟ್ಟವರಲ್ಲಿ ಶೇ 92.5 ಜನ ಬದುಕಿದ್ದರು. ವ್ಯತ್ಯಾಸವೇ ಇಲ್ಲ. ಲೇಖನ ಅಚ್ಚಾಗಿದ್ದು ಮರುವರ್ಷ.

ನಾನು ಆ ಸಭೆಯಲ್ಲಿ ಇರಲಿಲ್ಲ. ಲೇಖನ ಬಂದ ಮೇಲೆ ಓದಿದೆ, ಓದಿ ಪಕ್ಕಕ್ಕಿಟ್ಟೆ. ನಮ್ಮ ಪೇಷೆಂಟ್‌ಗಳು ಬೇರೆ, ಗಡ್ಡೆಗಳು ದೊಡ್ಡವು ಎಂದು ಸಮಾಧಾನ ಹೇಳಿಕೊಂಡೆ. ಮನಸ್ಸು ಬದಲಾಗಿದ್ದು ಇನ್ನೊಂದು ಸಭೆಯಲ್ಲಿ. ಅಲ್ಲಿ ಇದರ ಮೇಲೆ ಚರ್ಚೆ ಇಟ್ಟಿದ್ದರು. ನನ್ನದೇ ಅನುಮಾನಗಳನ್ನು ಒಬ್ಬರು ಎದ್ದು ನಿಂತು ಒಂದೊಂದಾಗಿ ಕೇಳಿದರು. ಉತ್ತರ ಕೊಟ್ಟವರು ಯಾರಿಗೆ ಇದು ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂದು ಬಿಡಿಸಿ ಹೇಳಿದರು. ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ಸರ್ಜನ್ ಒಬ್ಬರು ಮೈಕ್ ಹತ್ತಿರ ಬಂದರು. "ನಾನು ಮೂವತ್ತು ವರ್ಷ ಎಲ್ಲ ಗ್ರಂಥಿಗಳನ್ನೂ ತೆಗೆದಿದ್ದೇನೆ. ಹೋದ ವರ್ಷದಿಂದ, ಇಂಥ ಪೇಷೆಂಟ್‌ಗಳಲ್ಲಿ ನಿಲ್ಲಿಸಿದ್ದೇನೆ" ಎಂದರು. ಅಷ್ಟೇ ಹೇಳಿ ಕೂತರು. ನನಗೆ ಹೊಲಿಗೆಯ ಆ ಹೆಂಗಸು ನೆನಪಾದರು. ಅಲ್ಲಿಂದ ವಾಪಸ್ ಬಂದ ವಾರದಲ್ಲೇ ನಮ್ಮ ವಿಭಾಗದವರೆಲ್ಲ ಕೂತು ಹೊಸ ನಿಯಮ ಬರೆದುಕೊಂಡೆವು.

ಇಂಟರ್ನೆಟ್‌ನಲ್ಲಿ ಎಲ್ಲ ಸಿಗುತ್ತದೆ ಅಲ್ವಾ ಎನ್ನುವುದಕ್ಕೆ ಇದೇ ನನ್ನ ಉತ್ತರ. ಮಾಹಿತಿ ಸಿಗುತ್ತದೆ, ನಿಜ. ಅದು ನನ್ನ ಮೇಜಿನ ಮೇಲೇ ಇತ್ತಲ್ಲ. ನನ್ನಂಥದೇ ಕೈ, ನನ್ನಂಥದೇ ಭಯ ಇರುವ ಇನ್ನೊಬ್ಬ ಸರ್ಜನ್ "ನಾನು ನಿಲ್ಲಿಸಿದೆ, ಏನೂ ಕೆಡಲಿಲ್ಲ" ಎಂದು ಎದುರಿಗೆ ನಿಂತು ಹೇಳಿದಾಗಲೇ ಕತ್ತಿ ಕೆಳಗಿಡುವ ಧೈರ್ಯ ಬರುವುದು.

ಇದಕ್ಕೆ ತಿರುಗಾಮುರುಗಾ ಆದ ಕಥೆಯೂ ಇದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕರೆ ಗರ್ಭಕೋಶವನ್ನು ಸುತ್ತಲಿನ ಅಂಗಾಂಶ ಸಮೇತ ತೆಗೆಯುತ್ತೇವೆ. ಹಿಂದೆ ಹೊಟ್ಟೆ ಕೊಯ್ದು ಮಾಡುತ್ತಿದ್ದರು. ಆಮೇಲೆ ಲ್ಯಾಪರೋಸ್ಕೋಪಿ ಬಂತು, ರೋಬೋಟ್ ಬಂತು. ಸಣ್ಣ ರಂಧ್ರ, ಕಡಿಮೆ ನೋವು, ಬೇಗ ಮನೆಗೆ. ಪೇಷೆಂಟ್‌ಗೂ ಖುಷಿ, ಸರ್ಜನ್‌ಗೂ ಖುಷಿ. ಹೊಸದೇ ಒಳ್ಳೆಯದು ಎಂದು ಎಷ್ಟೋ ಜನ ಪೂರ್ತಿ ಆ ಕಡೆ ವಾಲಿದ್ದರು. 2018ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಸಭೆ ನಡೆಯಿತು. ಅಲ್ಲಿ ಲ್ಯಾಕ್ ಎಂಬ ಅಧ್ಯಯನದ ಫಲಿತಾಂಶ ಹೊರಬಿತ್ತು. 33 ಆಸ್ಪತ್ರೆಗಳ 631 ಹೆಂಗಸರು. ಹೊಟ್ಟೆ ಕೊಯ್ದು ಮಾಡಿದವರಲ್ಲಿ ನಾಲ್ಕೂವರೆ ವರ್ಷದ ಮೇಲೆ ಶೇ 96.5 ಜನ ಕಾಯಿಲೆ ಮರುಕಳಿಸದೆ ಇದ್ದರು. ಸಣ್ಣ ರಂಧ್ರದ ಆಪರೇಷನ್ ಆದವರಲ್ಲಿ ಶೇ 86. ಬದುಕುಳಿದವರ ಲೆಕ್ಕದಲ್ಲೂ ಹಿಂದೆ ಬಿದ್ದಿದ್ದು ಹೊಸ ವಿಧಾನವೇ.

ಅಂಥ ಫಲಿತಾಂಶವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಎರಡೂ ಸಮ ಎಂದು ತೋರಿಸಲು ಶುರುವಾದ ಅಧ್ಯಯನ ಅದು. ಯಾಕೆ ಹೀಗಾಯಿತು ಎಂದು ಇನ್ನೂ ಚರ್ಚೆ ನಡೆಯುತ್ತಿದೆ. ಗರ್ಭಕೋಶವನ್ನು ಅಲ್ಲಾಡಿಸಲು ಒಳಗೆ ಹಾಕುವ ಉಪಕರಣ ಗಡ್ಡೆಯನ್ನು ಒಡೆಯುತ್ತದಾ? ಹೊಟ್ಟೆಗೆ ತುಂಬುವ ಗ್ಯಾಸ್‌ನಿಂದ ಜೀವಕೋಶಗಳು ಚದುರುತ್ತವಾ? ಅದೇನೇ ಇರಲಿ, ಲೇಖನ ಅಚ್ಚಾಗುವ ಹೊತ್ತಿಗೆ ಅಕ್ಟೋಬರ್ ಕೊನೆ ಬಂದಿತ್ತು. ಮಧ್ಯೆ ಏಳು ತಿಂಗಳು. ಆ ಏಳು ತಿಂಗಳಲ್ಲಿ ಆಪರೇಷನ್‌ಗೆ ಬಂದ ಹೆಂಗಸಿನ ದೃಷ್ಟಿಯಿಂದ ಯೋಚಿಸಿ. ಅವರ ಸರ್ಜನ್ ಆ ಸುದ್ದಿ ಕೇಳಿಸಿಕೊಂಡಿದ್ದರೋ ಇಲ್ಲವೋ ಎಂಬುದು ಅವರ ಬದುಕಿನ ಪ್ರಶ್ನೆ.

ಈಗ ಕೈಯ ವಿಷಯ. ಆಪರೇಷನ್ ಕಲೆಯನ್ನು ಓದಿ ಕಲಿಯಲು ಆಗುವುದಿಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಗುದನಾಳದ ಕ್ಯಾನ್ಸರ್. ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಆ ಆಪರೇಷನ್ ಮಾಡಬೇಕು. ಹಿಂದೆ ಎಷ್ಟೋ ಸರ್ಜನ್‌ಗಳು ಕಣ್ಣಿಗೆ ಕಾಣದ ಕಡೆ ಕೈ ಹಾಕಿ ಬೆರಳಿನಿಂದ ಬಿಡಿಸುತ್ತಿದ್ದರು. ಆಗ ಗುದನಾಳದ ಸುತ್ತಲಿನ ಕೊಬ್ಬಿನ ಹೊದಿಕೆ ಹರಿಯುತ್ತಿತ್ತು. ಅದರಲ್ಲಿದ್ದ ಕ್ಯಾನ್ಸರ್ ಕಣಗಳು ಒಳಗೇ ಉಳಿಯುತ್ತಿದ್ದವು. ಅದೇ ಜಾಗದಲ್ಲಿ ಕಾಯಿಲೆ ಮತ್ತೆ ಬರುತ್ತಿತ್ತು. ಆ ನೋವು ಬಹಳ ಕೆಟ್ಟದ್ದು, ನೋಡಿದವರು ಮರೆಯುವುದಿಲ್ಲ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಒಂದು ಮಾತು ಹೇಳಿದರು. ಆ ಕೊಬ್ಬಿನ ಹೊದಿಕೆಯನ್ನು ಹರಿಯದೆ ಇಡಿಯಾಗಿ ತೆಗೆಯಿರಿ. ಅದರ ಹೊರಗೆ ಒಂದು ತೆಳು ಪದರ ಇದೆ, ಕಣ್ಣಿಟ್ಟು ನೋಡುತ್ತಾ ಚೂಪು ಉಪಕರಣದಿಂದ ಆ ಪದರದಲ್ಲೇ ಸಾಗಿ ಎಂದರು.

ಓದಿದರೆ ಸುಲಭ ಅನ್ನಿಸುತ್ತದೆ. ಆದರೆ ಆ ಪದರ ಸಿಗುವುದು ಸರಿಯಾದ ಎಳೆತ ಇದ್ದಾಗ ಮಾತ್ರ. ಒಂದು ಕಡೆಯಿಂದ ಎಷ್ಟು ಎಳೆಯಬೇಕು, ಎದುರು ಕಡೆಯಿಂದ ಎಷ್ಟು ಹಿಡಿಯಬೇಕು ಎಂಬುದು ಕೈಗೆ ಬರಬೇಕು. ನಾನು ಇದನ್ನು ಕಲಿತದ್ದು ಒಂದು ಕಾರ್ಯಾಗಾರದಲ್ಲಿ. ಕಲಿಸುವವರು ನನ್ನ ಕೈ ಮೇಲೆ ಕೈಯಿಟ್ಟು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿದರು. ಒಂದೇ ಕ್ಷಣ. ಬಿಳಿ ನೊರೆಯಂಥ ಆ ಪದರ ತಾನಾಗಿ ಬಿಚ್ಚಿಕೊಂಡಿತು. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ, ಆವತ್ತು ಮೊದಲ ಸಲ ಕಂಡೆ.

ಇದರಿಂದ ಪೇಷೆಂಟ್‌ಗೆ ಏನು ಸಿಗುತ್ತದೆ? ಅದಕ್ಕೂ ಲೆಕ್ಕ ಇದೆ. 1990ರ ದಶಕದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಪ್ರಾಂತ್ಯದವರು ಹೀಲ್ಡ್ ಅವರನ್ನು ಕರೆಸಿ ಕಾರ್ಯಾಗಾರ ನಡೆಸಿದರು. ಅವರು ಆಪರೇಷನ್ ಮಾಡಿ ತೋರಿಸಿದರು, ಸ್ಥಳೀಯ ಸರ್ಜನ್‌ಗಳು ನೋಡಿ ಕಲಿತರು. ಪೆಥಾಲಜಿ ತಜ್ಞರನ್ನೂ ಕೂರಿಸಿದ್ದರು, ಯಾಕೆಂದರೆ ತೆಗೆದ ಅಂಗವನ್ನು ನೋಡಿದರೆ ಸರ್ಜನ್ ಕೆಲಸ ಹೇಗಿದೆ ಎಂದು ಅವರು ಹೇಳಬಲ್ಲರು. ಫಲಿತಾಂಶ 2000ನೇ ಇಸವಿಯಲ್ಲಿ ಬಂತು. ಹಿಂದಿನ ಎರಡು ಅಧ್ಯಯನಗಳ ಕಾಲದಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಶೇ 15 ಮತ್ತು ಶೇ 14 ಜನರಲ್ಲಿ. ತರಬೇತಿಯ ನಂತರ ಅದು ಶೇ 6ಕ್ಕೆ ಇಳಿದಿತ್ತು. ಹಿಂದೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಜೀವನಪೂರ್ತಿ ಹೊಟ್ಟೆಯ ಮೇಲೆ ಚೀಲ ಬೇಕಾಗುತ್ತಿತ್ತು. ಅದು ಶೇ 27ಕ್ಕೆ ಬಂತು. ಹೊಸ ಔಷಧಿಯೂ ಇಲ್ಲ, ಹೊಸ ಯಂತ್ರವೂ ಇಲ್ಲ. ಸರ್ಜನ್‌ಗಳು ಒಂದು ಕಡೆ ಸೇರಿ ಕಲಿತರು.

ಇದೇ ಕಾಯಿಲೆಯಲ್ಲಿ ಈಗ ಇನ್ನೊಂದು ತಿರುವು ಬಂದಿದೆ. 2022ರ ಆಸ್ಕೋ ಸಭೆಯಲ್ಲಿ ಗುದನಾಳದ ಕ್ಯಾನ್ಸರ್‌ನ 12 ಜನರ ಬಗ್ಗೆ ವರದಿ ಬಂತು. ಅವರ ಗಡ್ಡೆಯಲ್ಲಿ ಒಂದು ವಿಶೇಷ ಜೀನ್ ದೋಷ ಇತ್ತು, ಅದು ಕೆಲವರಲ್ಲಿ ಮಾತ್ರ ಇರುತ್ತದೆ. ದೋಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯಿಂದ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಮೇಲೆ ಬೀಳುವಂತೆ ಮಾಡುವ ಔಷಧಿಯಿಂದ, 12 ಜನರಲ್ಲೂ ಗಡ್ಡೆ ಕಾಣದಾಯಿತು. ಆಗ ಅವರಲ್ಲಿ ಯಾರಿಗೂ ಆಪರೇಷನ್ ಬೇಕಾಗಲಿಲ್ಲ. ಇದನ್ನು ತಿಳಿದ ಸರ್ಜನ್ ಮೊದಲು ಆ ಜೀನ್ ಪರೀಕ್ಷೆ ಮಾಡಿಸುತ್ತಾರೆ. ತಿಳಿಯದವರು ನೇರ ಥಿಯೇಟರಿಗೆ ಕರೆದೊಯ್ಯುತ್ತಾರೆ.

ಹಾಗಾದರೆ ಕಾನ್ಫರೆನ್ಸ್‌ನಲ್ಲಿ ಬರೀ ಕಡಿಮೆ ಕೊಯ್ಯುವುದನ್ನೇ ಕಲಿಸುತ್ತಾರಾ? ಇಲ್ಲ. ಬಾಯಿ ಕ್ಯಾನ್ಸರ್‌ನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕಾ, ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕಾ ಎಂದು ದಶಕಗಳ ಕಾಲ ವಾದ ನಡೆದಿತ್ತು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಂಡ ಅದಕ್ಕೆ ಉತ್ತರ ಹುಡುಕಿತು. 2015ರ ಆಸ್ಕೋ ಸಭೆಯ ಮುಖ್ಯ ವೇದಿಕೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಅದನ್ನು ಮಂಡಿಸಿದರು. ಮೊದಲೇ ತೆಗೆದವರಲ್ಲಿ ಮೂರು ವರ್ಷದ ಮೇಲೆ ಶೇ 80 ಜನ ಬದುಕಿದ್ದರು. ಕಾದು ತೆಗೆದವರಲ್ಲಿ ಶೇ 67.5. ಅಲ್ಲಿಗೆ ಆ ವಾದಕ್ಕೆ ಬಹುಮಟ್ಟಿಗೆ ತೆರೆ ಬಿತ್ತು.

ಅದೇ ಸಂಸ್ಥೆಯ ಡಾ. ರಾಜೇಂದ್ರ ಬಡ್ವೆ 2022ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಯುರೋಪಿನ ಕ್ಯಾನ್ಸರ್ ವೈದ್ಯರ ಸಭೆಯಲ್ಲಿ ಇನ್ನೊಂದು ವಿಷಯ ಹೇಳಿದರು. ಇದು ನಿಮ್ಮ ಅಮ್ಮನಿಗೆ ಸಂಬಂಧಪಟ್ಟದ್ದು. ಸ್ತನದ ಗಡ್ಡೆ ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತ ಲಿಡೊಕೇನ್ ಇಂಜೆಕ್ಷನ್ ಕೊಟ್ಟರು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಔಷಧಿ. ಸುಮಾರು 1,600 ಹೆಂಗಸರಲ್ಲಿ ಪರೀಕ್ಷಿಸಿದರು. ಐದು ವರ್ಷದ ಮೇಲೆ ಇಂಜೆಕ್ಷನ್ ಪಡೆದವರಲ್ಲಿ ಶೇ 90.1, ಪಡೆಯದವರಲ್ಲಿ ಶೇ 86.4 ಜನ ಬದುಕಿದ್ದರು. ಇದು ಒಂದೇ ಅಧ್ಯಯನ. ಎಲ್ಲ ಕಡೆ ಇದನ್ನು ಒಪ್ಪಿ ಮಾಡುತ್ತಿಲ್ಲ. ಆದರೆ ನಿಮ್ಮ ಸರ್ಜನ್ ಇದರ ಬಗ್ಗೆ ಏನು ಯೋಚಿಸುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ.

ವೇದಿಕೆಯ ಮೇಲೆ ನಡೆಯುವುದು ಇಷ್ಟು. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಬಾಳುವುದು ತೊಡಕುಗಳ ಬಗ್ಗೆ ನಡೆಯುವ ಚಿಕ್ಕ ಚಿಕ್ಕ ಕೂಟಗಳು. ಅಲ್ಲಿ ಸರ್ಜನ್‌ಗಳು ತಮ್ಮ ಕೈಯಲ್ಲಿ ಕೆಟ್ಟ ಕೇಸುಗಳನ್ನು ತಂದು ಮುಂದಿಡುತ್ತಾರೆ. ಒಂದು ಸಲ ನಾನೂ ಇಟ್ಟೆ. ಕರುಳಿನ ಜೋಡಣೆ ಸೋರಿ ಪೇಷೆಂಟ್ ಸಾವಿನ ಅಂಚಿಗೆ ಹೋಗಿ ಬಂದಿದ್ದರು. ನಾಲ್ಕನೇ ದಿನ ಜ್ವರ ಬಂದಾಗ ನನಗೆ ಗೊತ್ತಾಯಿತು, ಕೂಡಲೇ ಮತ್ತೆ ಆಪರೇಷನ್ ಮಾಡಿದೆ ಎಂದು ವಿವರಿಸಿದೆ. ಒಬ್ಬರು ಕೇಳಿದರು: "ಎರಡನೇ ದಿನ ನಾಡಿಬಡಿತ ಎಷ್ಟಿತ್ತು?" ಚಾರ್ಟ್ ನನ್ನ ಹತ್ತಿರವೇ ಇತ್ತು. ನೂರಾ ಹತ್ತು. ಅದನ್ನು ನಾನೇ ರೌಂಡ್ಸ್‌ನಲ್ಲಿ ಬರೆದಿದ್ದೆ. ನೋವಿಗೆ ಇರಬೇಕು ಎಂದು ಸುಮ್ನೆ ಮುಂದೆ ಹೋಗಿದ್ದೆ. ಜ್ವರ ಬರುವ ಮೊದಲೇ ನಾಡಿ ಏರುತ್ತದೆ ಎಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆ ಕೋಣೆಯಲ್ಲಿ ಯಾರೂ ದನಿ ಎತ್ತಲಿಲ್ಲ. ಅವರಲ್ಲಿ ಅರ್ಧ ಜನ ಅದೇ ತಪ್ಪು ಮಾಡಿದವರೇ ಇದ್ದರು. ಅವತ್ತಿನಿಂದ ಕರುಳಿನ ಆಪರೇಷನ್ ಆದ ಯಾವ ಪೇಷೆಂಟ್ ಹತ್ತಿರ ಹೋದರೂ ಮೊದಲು ನಾಡಿ ಹಿಡಿಯುತ್ತೇನೆ. ಈ ಪಾಠ ನನಗೆ ನಮ್ಮ ಆಸ್ಪತ್ರೆಯಲ್ಲಿ ಸಿಗುತ್ತಿರಲಿಲ್ಲ. ಅಲ್ಲಿ ನನ್ನನ್ನು ಹಾಗೆ ಕೇಳುವವರು ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮ ತಮ್ಮನ ಅನುಮಾನದಲ್ಲಿ ಸತ್ಯವೂ ಇದೆ.

ಸುಮ್ಮನೆ ಕೂತು ಭಾಷಣ ಕೇಳಿದರೆ ಸರ್ಜನ್ ಬದಲಾಗುವುದು ಕಡಿಮೆ. ವೈದ್ಯರ ಕಲಿಕಾ ಸಭೆಗಳಿಂದ ಅವರ ಕೆಲಸ ಎಷ್ಟು ಸುಧಾರಿಸುತ್ತದೆ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಸಂಸ್ಥೆ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮಾಡಬೇಕಾದ್ದನ್ನು ಸರಿಯಾಗಿ ಮಾಡುವವರ ಪ್ರಮಾಣ ನೂರಕ್ಕೆ ಆರೇಳರಷ್ಟು ಮಾತ್ರ ಹೆಚ್ಚುತ್ತದೆ ಎಂದು 2021ರಲ್ಲಿ ಹೇಳಿತು. ನನ್ನ ಅನುಭವವೂ ಅದೇ. ಭಾಷಣ ಬೇಗ ಮರೆತುಹೋಗುತ್ತದೆ. ಮೈಕ್ ಹಿಡಿದು ಕೇಳಿದ್ದು, ಕೈಯಾರೆ ಮಾಡಿದ್ದು, ತಪ್ಪು ಒಪ್ಪಿಕೊಂಡದ್ದು ಉಳಿಯುತ್ತದೆ.

ಸಭೆಯಲ್ಲಿ ಹೇಳಿದ್ದೆಲ್ಲ ನಿಜವೂ ಅಲ್ಲ. ಅಲ್ಲಿ ಮಂಡಿಸಿದ ಸಂಕ್ಷಿಪ್ತ ವರದಿಗಳಲ್ಲಿ ಪೂರ್ಣ ಲೇಖನವಾಗಿ ಅಚ್ಚಾಗುವುದು ಶೇ 37ರಷ್ಟು ಮಾತ್ರ ಎಂದು ಕಾಕ್ರೇನ್‌ನ ಇನ್ನೊಂದು ವಿಶ್ಲೇಷಣೆ ತೋರಿಸಿದೆ. ಉಳಿದವು ಏನಾದವೋ! 1999ರ ಆಸ್ಕೋ ಸಭೆಯ ಕಥೆ ಇನ್ನೂ ಕಹಿ. ಸ್ತನ ಕ್ಯಾನ್ಸರ್‌ಗೆ ಭಾರಿ ಪ್ರಮಾಣದ ಕೀಮೋ ಕೊಟ್ಟು, ಆಮೇಲೆ ಪೇಷೆಂಟ್‌ನದೇ ಕಾಂಡಕೋಶಗಳನ್ನು (ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು) ವಾಪಸ್ ಕೊಡುವ ಚಿಕಿತ್ಸೆಯ ಬಗ್ಗೆ ಅಲ್ಲಿ ಹಲವು ಅಧ್ಯಯನಗಳು ಬಂದವು. ಬೇರೆಯವು ಲಾಭ ಕಾಣಲಿಲ್ಲ. ದಕ್ಷಿಣ ಆಫ್ರಿಕಾದ ಒಂದೇ ಒಂದು ಅಧ್ಯಯನ ದೊಡ್ಡ ಲಾಭ ತೋರಿಸಿತು. ಮರುವರ್ಷ ತಪಾಸಣಾ ತಂಡ ಅಲ್ಲಿಗೇ ಹೋಗಿ ಕಡತ ನೋಡಿದಾಗ ವಂಚನೆ ಹೊರಬಿತ್ತು. ಆ ಚಿಕಿತ್ಸೆ ತುಂಬಾ ಕಠಿಣವಾದದ್ದು. ಸುಳ್ಳು ಭರವಸೆ ನಂಬಿ ಅದನ್ನು ಅನುಭವಿಸಿದವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಸಭೆಯಿಂದ ಬಂದ ಮರುದಿನವೇ ಎಲ್ಲವನ್ನೂ ಬದಲಿಸುವ ಸರ್ಜನ್ ಕೂಡ ನನಗೆ ಬೇಡ. ಲ್ಯಾಕ್‌ನಂತೆ ಅಪಾಯ ತೋರಿಸುವ ಸುದ್ದಿ ಬಂದರೆ ತಕ್ಷಣ ಎಚ್ಚರವಾಗಬೇಕು. ಲಾಭದ ಸುದ್ದಿ ಬಂದರೆ ಪೂರ್ಣ ಲೇಖನಕ್ಕೆ ಕಾಯಬೇಕು.

ಕಂಪನಿಗಳ ಪ್ರಾಯೋಜನೆಯ ಬಗ್ಗೆಯೂ ನನ್ನ ನಿಲುವು ಗಟ್ಟಿ. ಯಂತ್ರ ಮಾರುವವರ ಹಣದಲ್ಲಿ ಹೋಗಿ ಅದೇ ಯಂತ್ರದ ಗುಣಗಾನ ಕೇಳಿ ಬರುವುದು ಕಲಿಕೆಯಲ್ಲ. ಮಾತಾಡುವವರು ಯಾವ ಕಂಪನಿಯಿಂದ ಹಣ ಪಡೆದಿದ್ದಾರೆ ಎಂದು ಮೊದಲೇ ಹೇಳಬೇಕೆಂಬ ನಿಯಮ ದೊಡ್ಡ ಸಭೆಗಳಲ್ಲಿ ಇದೆ. ಅದನ್ನು ಪರದೆಯ ಮೇಲೆ ಎರಡು ಸೆಕೆಂಡ್ ತೋರಿಸಿ ಮುಂದೆ ಹೋದರೆ ಸಾಲದು.

ಈಗ ನಿಮ್ಮ ಅಮ್ಮನ ವಿಷಯಕ್ಕೆ ವಾಪಸ್ ಬರೋಣ. ಸರ್ಜನ್ ಹೋಗಿ ಬರಲಿ. ಆಪರೇಷನ್‌ಗೆ ಮುಂಚೆ ಮತ್ತೊಮ್ಮೆ ಸಿಗುತ್ತಾರಲ್ಲ, ಆಗ ಹತ್ತು ನಿಮಿಷ ಕೇಳಿಕೊಳ್ಳಿ. ಸಿಟ್ಟಿನಿಂದ ಬೇಡ. "ಸಾರ್, ನಮ್ಮ ಅಮ್ಮನಂಥ ಕೇಸಿನ ಬಗ್ಗೆ ಅಲ್ಲಿ ಏನಾದರೂ ಹೊಸದು ಬಂತಾ?" ಎಂದು ಕೇಳಿ. ನಿಜವಾಗಿ ಕಲಿತು ಬಂದವರು ಈ ಪ್ರಶ್ನೆಗೆ ಖುಷಿಯಿಂದ ಕೂತು ಮಾತಾಡುತ್ತಾರೆ. ಏನೂ ಬರಲಿಲ್ಲ, ನಾವು ಅಂದುಕೊಂಡದ್ದೇ ಸರಿ ಎಂದರೆ ಅದೂ ಒಳ್ಳೆಯ ಉತ್ತರವೇ. ಆಮೇಲೆ ಕಂಕುಳಿನ ಬಗ್ಗೆ ಕೇಳಿ. ಸೆಂಟಿನೆಲ್ ಗ್ರಂಥಿಯನ್ನಷ್ಟೇ ತೆಗೆಯುತ್ತಾರಾ, ಎಲ್ಲವನ್ನೂ ತೆಗೆಯುತ್ತಾರಾ? ಎಲ್ಲವನ್ನೂ ತೆಗೆಯುವುದಾದರೆ ಯಾಕೆ? ಸ್ತನ ಉಳಿಸಲು ಆಗುತ್ತದಾ? ಅಮ್ಮನ ಕೇಸನ್ನು ಕೀಮೋ, ರೇಡಿಯೇಷನ್ ಮತ್ತು ಪೆಥಾಲಜಿ ವೈದ್ಯರ ಜೊತೆ ಕೂತು ಚರ್ಚೆ ಮಾಡಿದ್ದಾರಾ? ಗಡ್ಡೆಯಲ್ಲಿ ಹಾರ್ಮೋನ್ ಗ್ರಾಹಕಗಳು ಮತ್ತು ಹರ್ 2 ಎಂಬ ಪ್ರೋಟೀನ್ ಇದೆಯಾ ಎಂದು ನೋಡುವ ಪರೀಕ್ಷೆಯ ವರದಿ ಬಂದಿದೆಯಾ? ಕೆಲವರಿಗೆ ಆ ವರದಿ ನೋಡಿ ಕೀಮೋವನ್ನೇ ಮೊದಲು ಕೊಡುತ್ತಾರೆ, ಹಾಗಾಗಿ ಅದು ಆಪರೇಷನ್‌ಗೆ ಮುಂಚೆಯೇ ಕೈಗೆ ಬರಬೇಕು. ಬಂದಿಲ್ಲದಿದ್ದರೆ ಈ ಒಂಬತ್ತು ದಿನದಲ್ಲಿ ತರಿಸಿಕೊಳ್ಳಿ.

ನಿಮ್ಮ ತಮ್ಮನನ್ನೂ ಆ ದಿನ ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆಗಳನ್ನು ಅವರೇ ಒಂದು ಹಾಳೆಯಲ್ಲಿ ಬರೆದುಕೊಂಡು ಬರಲಿ, ಉತ್ತರಗಳನ್ನೂ ಅವರೇ ಬರೆದುಕೊಳ್ಳಲಿ. ನೀವು ಅಮ್ಮನ ಪಕ್ಕ ಕೂರಿ.